ಮಂಗಳಾರತಿ ಆಗೂತನಕ

ಗದಗಿನಲ್ಲಿ ಬಡಿಗೇರ ನೀಲವ್ವನ ವಾದ್ಯದಂಗಡಿ ಎಂದರೆ ಎರಡು ಕಪಾಟು, ಮುಂದೊಂದು ಕಟ್ಟೆ. ಹಾರ್ಮೋನಿಯಂ ಪೇಟಿಯನ್ನು ಆಕೆಯೇ ಮಾಡುತ್ತಾಳೆ, ಆಕೆಯೇ ಮಾರುತ್ತಾಳೆ. ಒಂದು ದಿನ ಫಾರಿನ್ ಮಾಲಿನ ಏಜೆಂಟರೊಬ್ಬರು ಪೇಟಿಯೊಂದನ್ನು ಹೊರಿಸಿಕೊಂಡು ಕಾರಿನಿಂದಿಳಿದರು.

"ಇನ್ನು ಮೇಲೆ ನಮ್ಮ ಪೇಟಿಯನ್ನೇ ಮಾರಬೇಕು. ಬೆಲೆ ನಿಮ್ಮದರ ಅರ್ಧ. ಆಗಲ್ಲ ಅಂದ್ರೆ ಎದುರಿಗೇ ಶೋರೂಮ್ ಹಾಕ್ತೀನಿ. ಆಮೇಲೆ ನೀವು ಬಾಗಿಲು ಮುಚ್ಚೋದೇ!"

ನೀಲವ್ವ ಬಾಗಿಲು ಮುಚ್ಚುವವರ ಪೈಕಿಯಲ್ಲ. ಸಾಹೇಬರ ಪೇಟಿಯ ಗಾಳಿ ತುಂಬುವ ತಿದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದಳು. ಒಳಗೊಳಗೇ ನಕ್ಕಳು.

"ಆತ್ರೀ ಸಾಹೇಬ್ರ. ಆದ್ರ ಇಲ್ಲೆ ಪೇಟಿ ತಗೊಳ್ಳೋರು ಭಜನಿ ಮಂಡಳಿಯವರು. ಹಾಡಿ ನೋಡದ ತಗೊಳ್ಳೂದಿಲ್ಲ. ಒಮ್ಮೆ ಭಜನಿಗೆ ಕುಂತ್ರ ಮಂಗಳಾರತಿ ಆಗೂತನಕ ಯಾರೂ ಏಳೂ ಹಂಗಿಲ್ಲ. ನೀವೂ ಅಷ್ಟ."

"ಕೂರ್ತೀನಿ ಬಿಡಿ!" ಎಂದರು ಏಜೆಂಟರು ಗತ್ತಿನಿಂದ.

ಮಂಡಳಿಯವರು ಬಂದು ಸಾಹೇಬರ ಕೈಗೂ ತಾಳ ಕೊಟ್ಟರು. ಮೊದಲ ಭಜನೆಯ ಪದಕ್ಕೆ ಹೊಸ ಪೇಟಿ ಚೆಂದ ನುಡಿಯಿತು. ಎರಡನೆಯದರಲ್ಲಿ ಹಿರಿಯ ಫಕೀರಪ್ಪ ದನಿ ಏರಿಸಿದ. ಪೇಟಿ ನುಡಿಸುತ್ತಿದ್ದವನೂ ಜೋರು ಮಾಡಿದ. ತಿದಿ ಬುಸ್ಸೆಂದು ಹರಿಯಿತು. ಪದ ನಟ್ಟನಡುವೆ ನಿಂತಿತು.

"ಚಿಂತೆ ಬೇಡ, ಕಂಪನಿಯಿಂದ ಬೇರೆ ತಿದಿ ತರಿಸ್ತೀನಿ. ಹಡಗು ಬರೋಕೆ ಎರಡು ತಿಂಗಳು, ಅಷ್ಟೇ," ಎಂದರು ಏಜೆಂಟರು.

ಫಕೀರಪ್ಪ ಕೇಳಿದ: "ಅಲ್ಲೀತನಕ ಈ ಸಾಲು ಹಿಡಕೊಂಡು ಕುಂಡ್ರೂದೇನ್ರಿ?"

ನೀಲವ್ವ ತನ್ನ ಪೇಟಿಯನ್ನು ಮುಂದಕ್ಕೆ ಸರಿಸಿದಳು. ನಿಂತ ಸಾಲಿನಿಂದಲೇ ಪದ ಎದ್ದಿತು. ಜೊತೆಗೆ ಏಜೆಂಟರೂ ಎದ್ದರು.

"ಕುಂಡ್ರಿ ಸಾಹೇಬ್ರ," ಎಂದಳು ನೀಲವ್ವ. "ಮಂಗಳಾರತಿ ಇನ್ನೂ ಆಗಿಲ್ಲ. ತಾಳ ಬಾರಸ್ರಿ."