ಡೇರಿಯ ಬಾಗಿಲು ಕಾದ ರೂಟರ್

ಹಾಲಿನ ಡೇರಿಯ ತಂಪುಯಂತ್ರ ಇದ್ದಕ್ಕಿದ್ದಂತೆ ನಿಂತುಹೋಯಿತು. "ಅಯ್ಯೋ, ಐದು ಸಾವಿರ ಲೀಟರ್ ಹಾಲು ಒಡೆದುಹೋಗುತ್ತದೆ! ನನ್ನನ್ನು ಮತ್ತೆ ಚಾಲೂ ಮಾಡುವುದು ಗದಗದಲ್ಲಿರುವ ಎಂಜಿನಿಯರ್ ನೀಲಗಂಗಮ್ಮನ ಲ್ಯಾಪ್‌ಟಾಪಿಗೆ ಮಾತ್ರ ಗೊತ್ತು. ರೂಟರಣ್ಣ, ಆ ಲ್ಯಾಪ್‌ಟಾಪಕ್ಕ ಬಂದ ಕೂಡಲೇ ಒಳಗೆ ಬಿಡು!" ಎಂದು ಕೂಗಿಕೊಂಡಿತು.

ಡೇರಿಯ ಇಂಟರ್ನೆಟ್ ಬಾಗಿಲು ಕಾಯುವ ರೂಟರ್ ದೀಪ ಮಿಟುಕಿಸಿ ಸಜ್ಜಾಯಿತು. ಅಷ್ಟರಲ್ಲೇ ಇಂಟರ್ನೆಟ್ಟಿನ ದಾರಿಯಿಂದ ಒಂದು ಕರೆ ಬಂತು. "ನಾನೇ ಆ ಲ್ಯಾಪ್‌ಟಾಪ್. ಬೇಗ ಬಾಗಿಲು ತೆಗೆಯಿರಿ!"

"ಇಗೋ, ಈಗಷ್ಟೇ ಹುಟ್ಟಿದ ಸಂಖ್ಯೆ. ನಮ್ಮಿಬ್ಬರಿಗೇ ಗೊತ್ತಿರುವ ಗುಟ್ಟನ್ನು ಇದಕ್ಕೆ ಬೆರೆಸಿ ಉತ್ತರ ಕಳಿಸು," ಎಂದಿತು ರೂಟರ್.

ಬಂದವನು ತಟ್ಟನೆ ಉತ್ತರ ಒಪ್ಪಿಸಿದ. ರೂಟರ್ ಗುಡುಗಿತು: "ಇದು ನಿನ್ನೆ ಅವಳು ಕೊಟ್ಟ ಉತ್ತರ! ದಾರಿಯಲ್ಲಿ ಕದ್ದು ಕೇಳಿದ್ದೀಯ. ಇವತ್ತಿನ ಸಂಖ್ಯೆಯೇ ಬೇರೆ. ನಡಿ ಆಚೆ!"

ಕಳ್ಳ ಓಡಿದ. ಅವನ ಹಿಂದೆಯೇ ಇನ್ನೊಂದು ಕರೆ ಬಂತು. "ನಾನು ನೀಲಗಂಗಮ್ಮನ ಲ್ಯಾಪ್‌ಟಾಪ್. ಆದರೆ ಮೊದಲು ನೀವು ನಮ್ಮ ಡೇರಿಯ ರೂಟರೇ ಎಂದು ತೋರಿಸಿ. ಇಗೋ, ನನ್ನ ಸಂಖ್ಯೆ."

"ಹಾಲು ಒಡೆಯುವ ಹೊತ್ತಿನಲ್ಲಿ ಬಾಗಿಲಿಗೇ ಪರೀಕ್ಷೆಯೇ? ಇವಳೂ ಕಳ್ಳಿಯೇ ಇರಬೇಕು!" ಎಂದು ತಂಪುಯಂತ್ರ ಕಿರುಚಿತು.

ರೂಟರ್ ಮಾತ್ರ ಹಿಗ್ಗಿಹೋಯಿತು. ಅವಳ ಸಂಖ್ಯೆಗೆ ಉತ್ತರ ಕೊಟ್ಟು, ತನ್ನ ಸಂಖ್ಯೆಗೆ ಸರಿಯುತ್ತರ ಪಡೆದು, ಬಾಗಿಲು ತೆರೆಯಿತು. ಯಂತ್ರ ಗುರ್ರೆಂದು ತಿರುಗಿತು, ಹಾಲು ಉಳಿಯಿತು.

"ಅವಳು ನನ್ನನ್ನು ಪ್ರಶ್ನಿಸಿದಾಗಲೇ ನಮ್ಮವಳೆಂದು ಅನ್ನಿಸಿತ್ತು," ಎಂದಿತು ರೂಟರ್. "ಕದಿಯಲು ಬಂದವನಿಗೆ ಯಾವ ಬಾಗಿಲಾದರೂ ಸರಿ. ಮನೆಯವಳಿಗೆ ತನ್ನ ಮನೆಯ ಬಾಗಿಲೇ ಬೇಕು."