ಅಡುಗೆಮನೆಗೆ ಬಿದ್ದ ಮಂತ್ರದ ಬೀಗ

"ಇನ್ನು ಮೇಲೆ ನನ್ನ ಊರಲ್ಲಿ ಸುತ್ತಿಗೆ ಸದ್ದು ಕೇಳಿಸಕೂಡದು! ಕೇಳಿಸಿದರೆ ಇಪ್ಪತ್ತು ಛಡಿಯೇಟು!" ಎಂದು ಕಂಚುಕೋಟೆಯ ದೊರೆ ಭುಜಬಲರಾಯ ತುಂಬಿದ ಸಭೆಯಲ್ಲಿ ಸಾರಿದ. ಭುಜದಲ್ಲಿ ಬಲವಿತ್ತೋ ಇಲ್ಲವೋ, ಮಧ್ಯಾಹ್ನದ ನಿದ್ದೆಯಂತೂ ಬಲವಾಗಿತ್ತು. ಕಮ್ಮಾರರ ಬೀದಿಯ ಠಣ್ ಠಣ್ ಅದಕ್ಕೆ ಅಡ್ಡಿಯಾಗುತ್ತಿತ್ತು.

ದೊರೆಗೆ ಈ ಧೈರ್ಯ ಬಂದದ್ದು ಮೃಗಾಂಕನೆಂಬ ಮಂತ್ರವಾದಿಯಿಂದ. ಕಬ್ಬಿಣದ ಗಟ್ಟಿ ಮುಂದಿಟ್ಟರೆ ಅವನು ಕಣ್ಣು ಮುಚ್ಚಿ "ಹ್ರೀಂ" ಎನ್ನುತ್ತಿದ್ದ. ಕಣ್ಣು ಬಿಡುವಷ್ಟರಲ್ಲಿ ಸೌಟೋ ಕತ್ತಿಯೋ ಸಿದ್ಧ. ಇನ್ನು ಕಮ್ಮಾರರು ಯಾಕೆ? ಊರು ಬಿಡಲಿ!

ಕಮ್ಮಾರ ವೀರಾಚಾರಿ ಬೊಮ್ಮರಸನ ಮನೆಗೆ ಓಡಿದ. ದೊರೆಗೆ ಬುದ್ಧಿ ಹೇಳಿಯೂ ತಲೆ ಉಳಿಸಿಕೊಂಡಿದ್ದವನು ಆಸ್ಥಾನದಲ್ಲಿ ಈ ಬೊಮ್ಮರಸನೊಬ್ಬನೇ.

"ಬುದ್ಧಿ, ಹೊತ್ತು ಮುಳುಗೋದ್ರೊಳಗೆ ಬೀದಿ ಖಾಲಿ ಮಾಡ್ಬೇಕಂತೆ. ಅರವತ್ತು ಮನೆ! ಕುಲುಮೆ ಹೊತ್ಕೊಂಡು ಎಲ್ಲಿಗೆ ಹೋಗೋಣ?"

"ಊಟದ ಹೊತ್ತಿನವರೆಗೆ ತಡಿ. ನೀನು ಮಾಡಿದ ಒಂದು ಬೀಗ ಕೊಡು," ಎಂದ ಬೊಮ್ಮರಸ.

ಸಭೆಯಲ್ಲಿ ಆ ಬೀಗವನ್ನು ಮೃಗಾಂಕನ ಕೈಗಿಟ್ಟ. "ಸ್ವಾಮೀ, ಅರಮನೆಯ ಅಡುಗೆಮನೆಗೆ ಇಂಥದ್ದೊಂದು ಬೇಕು. ಬಿಚ್ಚಿ ಒಳಗನ್ನೂ ತೋರಿಸಲೇ?"

"ನಾನೇನು ಕಮ್ಮಾರನೇ? ಒಂದು ನೋಟ ಸಾಕು!"

"ಆಹಾ! ಹಾಗಾದರೆ ಬಾಗಿಲ ಮೇಲೇ, ಹಾಕಿದ ಬೀಗವಾಗಿಯೇ ಬರಲಿ. ಕೈಗೆ ಯಾಕೆ ತೊಂದರೆ?"

ಎಲ್ಲರೂ ಅಡುಗೆಮನೆಗೆ ನಡೆದರು. ಅಡುಗೆ ಮುಗಿಸಿದ್ದ ಬಾಣಸಿಗರೂ ವಿಚಿತ್ರ ನೋಡಲು ಹೊರಗೆ ಬಂದು ಬಾಗಿಲು ಮುಚ್ಚಿದರು. "ಹ್ರೀಂ!" ಬಾಗಿಲ ಮೇಲೆ ಸಿಂಹಮುಖದ ಬೀಗ, ಮೃಗಾಂಕನ ಕೈಯಲ್ಲಿ ಥಳಥಳ ಕೀಲಿಕೈ! ಚಪ್ಪಾಳೆಯೋ ಚಪ್ಪಾಳೆ.

"ಸರಿ, ಎಲೆ ಹಾಕಿ," ಎಂದ ದೊರೆ.

ಕೀಲಿಕೈ ಎಳ್ಳಿನಷ್ಟು ಒಳಗೆ ಹೋಗಿ ನಿಂತಿತು. ಮೃಗಾಂಕ ಇನ್ನೂ ದೊಡ್ಡ ಕೀಲಿಕೈ ಮಾಡಿದ. ಅದು ಅಷ್ಟೂ ಹೋಗಲಿಲ್ಲ. ಬಾಗಿಲ ಸಂದಿಯಿಂದ ಹೋಳಿಗೆಯ ಘಮ ಬರುತ್ತಿತ್ತು.

"ತೆರೆಯುವ ಮಂತ್ರ ಹೇಳಯ್ಯ!" ದೊರೆ ಗುಡುಗಿದ.

"ಪ್ರಭು, ನನ್ನದು ಮಾಡುವ ವಿದ್ಯೆ. ತೆರೆಯುವುದು ನನ್ನ ಕೆಲಸಕ್ಕೆ ಸೇರಿಲ್ಲ."

"ಹಾಗಾದರೆ ಒಡೆಯಿರಿ!"

"ಸುತ್ತಿಗೆ ಬೇಕಲ್ಲ, ಪ್ರಭು," ಎಂದ ಬೊಮ್ಮರಸ. "ಇಪ್ಪತ್ತು ಛಡಿಯೇಟು ಯಾರು ತಿನ್ನುತ್ತಾರೆ?"

"ಆ ಆಜ್ಞೆ ಹರಿದುಹಾಕು! ವೀರಾಚಾರಿಯನ್ನು ಕರೆಸು!"

"ಅವನು ಗಂಟು ಕಟ್ಟುತ್ತಿದ್ದಾನೆ."

"ಬಿಚ್ಚಲು ಹೇಳು! ಆ ಬೀದಿಯವರು ಯಾರೂ ಎಲ್ಲಿಗೂ ಹೋಗಕೂಡದು!"

ಹೊಟ್ಟೆ ತುಂಬಿದ ದೊರೆಗಳಿಗೆ ಮರೆವು ಹೆಚ್ಚು. ಬೊಮ್ಮರಸ ಈ ಮಾತನ್ನು ಅಲ್ಲೇ ಬರೆಸಿ ಮುದ್ರೆ ಒತ್ತಿಸಿಕೊಂಡ.

ವೀರಾಚಾರಿ ಬಂದು ಉಳಿ ಇಟ್ಟು ಹೊಡೆದು ಬೀಗವನ್ನು ಎರಡು ಹೋಳು ಮಾಡಿದ. "ನೋಡಿ ಮಹಾಸ್ವಾಮಿ, ಒಳಗೆ ಏನೂ ಇಲ್ಲ. ಬರೀ ಗಟ್ಟಿ ಕಬ್ಬಿಣ. ಇವರು ಹೊರಗಿಂದ ಕಂಡಷ್ಟನ್ನೇ ಮಾಡವ್ರೆ."

ಆರು ಹೋಳಿಗೆ ಇಳಿದ ಮೇಲೆ ದೊರೆಗೆ ಸಿಟ್ಟು ನೆನಪಾಯಿತು. "ಈ ಮೃಗಾಂಕನಿಗೆ ಏನು ಶಿಕ್ಷೆ, ಬೊಮ್ಮರಸ?"

"ಶಿಕ್ಷೆಯೇ? ಛೆ! ಬಹುಮಾನ ಕೊಡಿ, ಪ್ರಭು. ಅರಮನೆಯನ್ನು ಹೊರಗಿನಿಂದ ಚೆನ್ನಾಗಿ ನೋಡಿದ್ದಾರೆ. ಅಂಥದ್ದೇ ಮನೆಯೊಂದನ್ನು ಮಂತ್ರದಿಂದ ಮಾಡಿಕೊಳ್ಳಲಿ. ಇವರೇ ಅದರ ಒಳಗೆ ಕೂತಿರುವ ಹಾಗೆಯೇ!"

ಮೃಗಾಂಕ ದಡಕ್ಕನೆ ದೊರೆಯ ಕಾಲಿಗೆ ಬಿದ್ದ. "ಬೇಡ ಪ್ರಭು! ಗಾರೆಯವರನ್ನೂ ಬಡಗಿಗಳನ್ನೂ ಕಳಿಸಿಕೊಡಿ. ಎಷ್ಟು ಸದ್ದಾದರೂ ಸರಿ!"