ಬಾವಿಯ ದಡದ ಕೂಗು

"ಗುರುಗಳೇ, ಜನ ಆಡುವ ಮಾತುಗಳ ಮೂಲ ಹುಡುಕಿ ಪುಸ್ತಕ ಬರೆಯುತ್ತಿದ್ದೇನೆ. ಕೆಲವಕ್ಕೆ ಮೂಲವೂ ಸಿಗುವುದಿಲ್ಲ, ಅರ್ಥವೂ ಸಿಗುವುದಿಲ್ಲ. ಅವನ್ನು ಹೊಡೆದುಹಾಕಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಕೈಯಲ್ಲಿದ್ದ ಲೇಖನಿಯನ್ನು ನೋಡಿ ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಬಾವಿ ತೋಡುತ್ತಿದ್ದರು. ಒಬ್ಬ ಕೆಲಸಗಾರ ತಳದಲ್ಲಿ ನಿಂತು ಬಂಡೆಗೆ ಹಗ್ಗ ಬಿಗಿಯುತ್ತಿದ್ದ. ಮೇಲೆ ಎಂಟು ಜನ ಎಳೆಯುತ್ತಿದ್ದರು. ಬಾವಿ ಇಕ್ಕಟ್ಟು, ಬಂಡೆ ಜಾರಿದರೆ ಕೆಳಗಿದ್ದವನಿಗೆ ಸರಿಯಲು ಜಾಗವಿಲ್ಲ. ಮುಂದಾಳು 'ಐಸಾ' ಎಂದು ಕೂಗಿದಾಗಲೆಲ್ಲ ಎಂಟೂ ಜನ ಒಟ್ಟಿಗೆ ಜಗ್ಗುತ್ತಿದ್ದರು.

ದಾರಿಯಲ್ಲಿ ಹೋಗುತ್ತಿದ್ದ ಪಂಡಿತನೊಬ್ಬ ನಿಂತ. ಒಳ್ಳೆಯ ಮನುಷ್ಯ, ಆದರೆ ಅರ್ಥವಿಲ್ಲದ ಮಾತು ಕಿವಿಗೆ ಬಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಐಸಾ ಅಂದರೆ ಏನಪ್ಪ?" ಎಂದು ಕೇಳಿದ.

"ಗೊತ್ತಿಲ್ಲ ಬುದ್ಧಿ. ನಮ್ಮಪ್ಪ ಕೂಗ್ತಿದ್ದ, ನಾವೂ ಕೂಗ್ತೀವಿ," ಎಂದ ಮುಂದಾಳು.

ಪಂಡಿತನಿಗೆ ಅಯ್ಯೋ ಎನಿಸಿತು. ಇಷ್ಟು ಬೆವರು ಸುರಿಸುವವರ ಬಾಯಲ್ಲಿ ಅರ್ಥವುಳ್ಳ ಮಾತೊಂದು ಇರಲಿ ಎಂದು, 'ಭೂಮಿತಾಯಿಯ ಕೃಪೆಯಿಂದ ಬಂಡೆ ಮೇಲೇರಲಿ' ಎಂದು ಕೂಗಲು ಕಲಿಸಿದ. ತಿಳಿದವರು ಹೇಳಿದ್ದೆಂದು ಅವರೂ ಒಪ್ಪಿಕೊಂಡರು.

ಮುಂದಿನ ಬಂಡೆಗೆ ಹಾಗೆಯೇ ಕೂಗಿದರು. ಒಬ್ಬ 'ಭೂಮಿ' ಎಂದಾಗಲೇ ಜಗ್ಗಿದ. ಇನ್ನೊಬ್ಬ 'ಕೃಪೆ'ಗೆ ಕಾದ. ಉಳಿದವರು ಮಾತು ಮುಗಿಯಲಿ ಎಂದುಕೊಂಡರು. ಅರ್ಧಕ್ಕೆ ಬಂದ ಬಂಡೆ ತೂಗಾಡಿತು. ಹಗ್ಗ ಗೇಣು ಗೇಣಾಗಿ ಕೈಯಿಂದ ಜಾರತೊಡಗಿತು. ಬೇರೇನೂ ತೋಚದೆ ಪಂಡಿತ ತನ್ನ ವಾಕ್ಯವನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದ.

ಅಷ್ಟರಲ್ಲಿ ಕೆಳಗಿದ್ದವನ ಹೆಂಡತಿ ಬುತ್ತಿ ತಂದಿದ್ದಳು. ಬುತ್ತಿಯನ್ನು ನೆಲಕ್ಕಿಟ್ಟು, ಹಗ್ಗದ ತುದಿ ಹಿಡಿದು, 'ಐಸಾ' ಎಂದು ಕೂಗಿದಳು. ಎಂಟು ಜನರ ಕೈ ಒಂದಾಯಿತು. ಇನ್ನು ನಾಲ್ಕು ಸಲ ಕೂಗುವಷ್ಟರಲ್ಲಿ ಬಂಡೆ ದಡ ಸೇರಿತು. ಅದೇ ಹಗ್ಗ ಹಿಡಿದು ಅವಳ ಗಂಡನೂ ಮೇಲೆ ಬಂದ. ಕೈ ತೊಳೆದು, ದಡದ ಮೇಲೆ ಕೂತು ರೊಟ್ಟಿ ತಿಂದ.

ಮಧ್ಯಾಹ್ನ ಕೆಲಸ ಮತ್ತೆ ಶುರುವಾದಾಗ ಹಗ್ಗಕ್ಕೆ ಒಂಬತ್ತು ಜನ ಇದ್ದರು. ಒಂಬತ್ತನೆಯವನಾಗಿ ಪಂಡಿತ ಶಲ್ಯವನ್ನು ಸೊಂಟಕ್ಕೆ ಬಿಗಿದು ನಿಂತಿದ್ದ. ಎಲ್ಲರಿಗಿಂತ ಗಟ್ಟಿಯಾಗಿ 'ಐಸಾ' ಎಂದು ಕೂಗುತ್ತಿದ್ದವನೂ ಅವನೇ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬಿಡಲಿಲ್ಲ. ಲೇಖನಿ ಸರಿಪಡಿಸಿಕೊಂಡು, "ಹಾಗಾದರೆ ಐಸಾ ಎಂಬುದರ ಅರ್ಥ ಏನೆಂದು ಬರೆಯಲಿ?" ಎಂದು ಕೇಳಿದ.

ಗುರುಗಳು ಹೇಳಿದರು: "ದಡದ ಮೇಲೆ ಕೂತು ರೊಟ್ಟಿ ತಿಂದನಲ್ಲ, ಅವನೇ ಅದರ ಅರ್ಥ ಎಂದು ಬರೆ."